ಹೊಡೆದವಗೆ ಹಾರ, ತಡೆದವಗೆ ಬಾಸುಂಡೆ!

ಕುಳಗೇರಿ ಕ್ರಾಸಿನಲ್ಲಿ ಬಸ್ಸಿಗೆ ಕಾಯುವವರಿಗೆ ಮಾತಿನ ಬರ ಎಂದೂ ಬಂದಿಲ್ಲ. ಹುಬ್ಬಳ್ಳಿ ಕಡೆಯಿಂದ ನರಗುಂದ, ಕೊಣ್ಣೂರು ದಾಟಿ ಬಂದವರು ಬಾದಾಮಿ ಬಸ್ಸಿಗೆ ಇಲ್ಲಿ ಇಳಿಯುತ್ತಾರೆ. ಬಾದಾಮಿಯಿಂದ ಬಂದವರು ಹುಬ್ಬಳ್ಳಿ ಬಸ್ಸಿಗೆ ಇಲ್ಲಿ ಕಾಯುತ್ತಾರೆ. ಕೆರೂರ ಕಡೆಗೆ ಹೊರಟವರೂ ಇಲ್ಲೇ. ಕಾಯುವುದಕ್ಕೆ ಚಹಾ ಬೇಕು, ಚಹಾಕ್ಕೆ ಮಾತು ಬೇಕು, ಮಾತಿಗೆ ಒಂದು ಜಗಳ ಬೇಕು. ಮೊನ್ನೆ ನಾವು ಕೇಳಿದ ಜಗಳ ಮಳೆ-ಬೆಳೆಯದಲ್ಲ, ಚುನಾವಣೆಯದಲ್ಲ. ಹಾಕಿ ಆಟದ್ದು!

ಹೌದು, ಹಾಕಿಯದೇ. ನಗಬೇಡಿ. ನಮ್ಮ ಕ್ರಾಸಿನಲ್ಲಿ ಹಾಕಿ ಸ್ಟಿಕ್ಕು ಕೈಯಲ್ಲಿ ಹಿಡಿದವರಿಗಿಂತ ಕಬಡ್ಡಿ ಅಂಕಣದಲ್ಲಿ ಮೊಣಕಾಲು ಕೆತ್ತಿಸಿಕೊಂಡವರೇ ಜಾಸ್ತಿ. ಹಾಕಿ ಬೇಕಂದ್ರೆ ಗದಗ-ಬೆಟಗೇರಿಗೆ ಹೋಗಬೇಕು, ಹುಬ್ಬಳ್ಳಿಗೆ ಹೋಗಬೇಕು. ಕೊಡಗಂತೂ ದೂರದ ಮಾತು. ಆದರೆ 2024ರ ಆಗಸ್ಟ್ ತಿಂಗಳು ಪ್ಯಾರಿಸ್ ಒಲಿಂಪಿಕ್ಸಿನ ಹಾಕಿ ನಡೆದಾಗ ಚಹಾದ ಅಂಗಡಿಯ ಮೊಬೈಲ್ ಸುತ್ತ ಎಷ್ಟು ಮಂದಿ ಮುಕುರಿದ್ದರು ಎಂಬುದು ನೋಡಿದವರಿಗೇ ಗೊತ್ತು. ಆ ಆಟದ ಕುದಿ ಕೆಲವರಿಗೆ ಇನ್ನೂ ಆರಿಲ್ಲ.

ಜಗಳದ ಒಂದು ಕಡೆ ಒಬ್ಬ ಕಿರಾಣಿ ಅಂಗಡಿಯ ಯಜಮಾನರು. ಇನ್ನೊಂದು ಕಡೆ ದಿನಾ ಪಾಸ್ ತೋರಿಸಿ ಬಸ್ ಹತ್ತುವ ಒಬ್ಬ ನೌಕರರು. ಯಜಮಾನರ ವಾದ: "ಹರ್ಮನ್‌ಪ್ರೀತ್ ಇಲ್ಲಂದ್ರ ನಮಗ ಕಂಚೂ ಇಲ್ಲ, ಹಿತ್ತಾಳೀನೂ ಇಲ್ಲ." ಪಾಸಿನವರ ವಾದ: "ರೋಹಿದಾಸ್ ಒಬ್ಬಾಂವ ಸೆಮಿಫೈನಲ್‌ನಾಗ ಇದ್ದಿದ್ರ ನಾವು ಬಂಗಾರದ ಮ್ಯಾಚ್ ಆಡ್ತಿದ್ವಿ." ಇಬ್ಬರೂ ಆಟಗಾರರು ಬ್ಯಾಕ್ ಆಡುವವರು. ಅಂದರೆ ಗೋಲಿನ ಮುಂದೆ ನಿಂತು ತಡೆಯುವವರು. ಹಾಗಾದರೆ ತಂಡಕ್ಕೆ ಆಪತ್ತು ಬಂದ ಹೊತ್ತಿನಲ್ಲಿ, ಆಳು ಕಡಿಮೆಯಾದ ಹೊತ್ತಿನಲ್ಲಿ, ಎದುರಾಳಿಗೆ ದಂಡದ ಹೊಡೆತ ಸಿಕ್ಕ ಹೊತ್ತಿನಲ್ಲಿ, ಈ ಇಬ್ಬರಲ್ಲಿ ಯಾರ ಬೆಲೆ ಹೆಚ್ಚು?

ನಾವು ಆ ಹೊತ್ತು ಬಾಯಿ ಹಾಕಲಿಲ್ಲ. ನಮ್ಮ ಬಸ್ ಬಂತು, ಹತ್ತಿದೆವು. ಆದರೆ ಪ್ರಶ್ನೆ ನಮ್ಮ ಜೊತೆಗೇ ಹತ್ತಿ ಪಕ್ಕದ ಸೀಟಿನಲ್ಲಿ ಕುಂತಿತು. ಅದಕ್ಕೇ ಈ ಬರಹ.

ಮೊದಲು ಆ ಭಾನುವಾರದ ಸಂಗತಿ ನೆನಪು ಮಾಡಿಕೊಳ್ಳೋಣ. 2024ರ ಆಗಸ್ಟ್ 4. ನಮ್ಮಲ್ಲಿ ಮಧ್ಯಾಹ್ನ ಒಂದೂವರೆ, ಊಟದ ಹೊತ್ತು. ಕ್ವಾರ್ಟರ್‌ಫೈನಲ್, ಎದುರಿಗೆ ಬ್ರಿಟನ್. ಆಟದ 17ನೇ ನಿಮಿಷ. ಅಮಿತ್ ರೋಹಿದಾಸ್ ಚೆಂಡು ತೆಗೆದುಕೊಂಡು ಹೋಗುವಾಗ ಅವನ ಸ್ಟಿಕ್ಕು ಬ್ರಿಟನ್ನಿನ ವಿಲ್ ಕಾಲ್ನನ್ ಎಂಬುವನ ತಲೆಗೆ ಬಡಿಯಿತು. ವಿಡಿಯೋ ನೋಡಿದರು, ಕೆಂಪು ಕಾರ್ಡು ತೋರಿಸಿದರು. ಹಸಿರು ಕಾರ್ಡಾದರೆ 2 ನಿಮಿಷ ಹೊರಗೆ, ಹಳದಿಯಾದರೆ ಕನಿಷ್ಠ 5 ನಿಮಿಷ. ಕೆಂಪಾದರೆ ಮುಗಿಯಿತು, ಆ ಆಟದಲ್ಲಿ ಮತ್ತೆ ಕಾಲಿಡುವ ಹಾಗಿಲ್ಲ, ಬದಲಿ ಆಳನ್ನು ಇಳಿಸುವ ಹಾಗೂ ಇಲ್ಲ. 60 ನಿಮಿಷದ ಆಟದಲ್ಲಿ 43 ನಿಮಿಷ ನಮ್ಮವರು ಹತ್ತೇ ಜನ ಆಡಬೇಕಾಯಿತು.

ಅಂಗಡಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಂತೆಯ ದಿನ, ಗಿರಾಕಿಗಳು ಕಟ್ಟೆಯ ತನಕ ನಿಂತಿದ್ದಾರೆ, ತಕ್ಕಡಿ ಹಿಡಿಯುವ ಹುಡುಗ ಮುಂಜಾನೆಯೇ ಜ್ವರ ಅಂತ ಮನೆಗೆ ಹೋದ. ಉಳಿದವರು ಸಕ್ಕರೆ ಕಟ್ಟಬೇಕು, ಎಣ್ಣೆ ಅಳೆಯಬೇಕು, ಚಿಲ್ಲರೆ ಕೊಡಬೇಕು, ಉದ್ರಿ ಬರೆಯಬೇಕು. ಅದರ ಮೇಲೆ ಒಂದು ಕಣ್ಣು ಹೊರಗಿಟ್ಟ ಬೆಲ್ಲದ ಪೆಂಟಿಯ ಮೇಲೆ. ಅವತ್ತು ನಮ್ಮ ತಂಡದ ಗತಿಯೂ ಅದೇ. ನಡುಗೆರೆಯಲ್ಲಿ ಆಡುವ ಮನ್‌ಪ್ರೀತ್ ಸಿಂಗ್ ಹಿಂದಕ್ಕೆ ಸರಿದು ಬ್ಯಾಕ್ ಆಗಿ ನಿಂತ. ಎಲ್ಲರೂ ಒಂದೂಕಾಲು ಆಳಿನ ಕೆಲಸ ಮಾಡಿದರು.

ಮಾಡಿದರು, ಆಟ ಉಳಿಸಿಕೊಂಡರು ಕೂಡ. 22ನೇ ನಿಮಿಷದಲ್ಲಿ ಹರ್ಮನ್‌ಪ್ರೀತ್ ಸಿಂಗ್ ಪೆನಾಲ್ಟಿ ಕಾರ್ನರಿನಲ್ಲಿ ಗೋಲು ಹೊಡೆದ. 27ನೇ ನಿಮಿಷದಲ್ಲಿ ಬ್ರಿಟನ್ನಿನ ಲೀ ಮಾರ್ಟನ್ ಸಮ ಮಾಡಿದ. ಅಲ್ಲಿಂದ ಮುಂದೆ 33 ನಿಮಿಷ ಬ್ರಿಟನ್ನಿನವರು ಬಡಿದರು, ನಮ್ಮವರು ತಡೆದರು, ಬಡಿದರು, ತಡೆದರು. 1-1. ಕೊನೆಗೆ ಶೂಟೌಟಿನಲ್ಲಿ 4-2. ಶ್ರೀಜೇಶನ ಹೆಸರು ಹೇಳಿ ಕ್ರಾಸಿನಲ್ಲಿ ಹೋಟೆಲಿನವರು ಎರಡು ಪ್ಲೇಟ್ ಭಜಿ ಪುಕ್ಕಟೆ ಹಂಚಿದರು ಎಂದು ಸುದ್ದಿ. ನಮಗೆ ಸಿಗಲಿಲ್ಲ.

ಈಗ ಕಾರ್ನರಿನ ವಿಷಯಕ್ಕೆ ಬರೋಣ. ಜಗಳದ ಬೇರು ಇರುವುದು ಅಲ್ಲೇ.

ಪೆನಾಲ್ಟಿ ಕಾರ್ನರ್ ಅಂದರೇನು? ಗೋಲಿನ ಮುಂದಿನ ಅರ್ಧಚಂದ್ರದೊಳಗೆ ತಪ್ಪು ಮಾಡಿದರೆ ಎದುರಾಳಿಗೆ ಸಿಗುವ ದಂಡದ ಹೊಡೆತ. ಗೋಲಿನ ಗೆರೆಯ ಹಿಂದೆ ಗೋಲಿ ಸೇರಿ ಐದೇ ಜನ ನಿಲ್ಲಬೇಕು. ಉಳಿದವರೆಲ್ಲ ಅರ್ಧ ಮೈದಾನದಾಚೆ. ಎದುರಾಳಿ ಒಬ್ಬ ಗೋಲಿನ ಗೆರೆಯಿಂದಲೇ ಚೆಂಡು ನೂಕುತ್ತಾನೆ, ಇನ್ನೊಬ್ಬ ಅರ್ಧಚಂದ್ರದ ಹೊರಗೆ ಅದನ್ನು ನಿಲ್ಲಿಸುತ್ತಾನೆ, ಮೂರನೆಯವನು ಎಳೆದು ಬೀಸುತ್ತಾನೆ. ಡ್ರ್ಯಾಗ್‌ಫ್ಲಿಕ್ ಅನ್ನುವುದು ಇದಕ್ಕೇ. ಚೆಂಡು ಗಂಟೆಗೆ 100 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಬರುತ್ತದೆ. ನಮ್ಮ ಹೆದ್ದಾರಿಯ ಎಕ್ಸ್‌ಪ್ರೆಸ್ ಬಸ್ಸು ಆ ವೇಗದಲ್ಲಿ ಹೋದರೆ ಒಳಗೆ ಕುಂತವರು ದೇವರ ಹೆಸರು ಹೇಳುತ್ತಾರೆ. ಇಲ್ಲಿ ಅದೇ ವೇಗದಲ್ಲಿ ಒಂದು ಚೆಂಡು ಬರುತ್ತದೆ. ತೂಕ ಕ್ರಿಕೆಟ್ ಚೆಂಡಿನಷ್ಟೇ, 160 ಗ್ರಾಂ ಆಸುಪಾಸು. ಗಟ್ಟಿಯೂ ಹಾಗೇ.

ಅರ್ಧಚಂದ್ರದ ಅಂಚಿಗೂ ಗೋಲಿಗೂ ಹದಿನಾಲ್ಕೂವರೆ ಮೀಟರಿಗಿಂತ ತುಸು ಜಾಸ್ತಿ ಅಂತರ. ಲೆಕ್ಕ ಹಾಕಿ ನೋಡಿ, ಬೀಸಿದ ಚೆಂಡು ಅರ್ಧ ಸೆಕೆಂಡಿನಲ್ಲಿ ಗೋಲಿನೊಳಗೆ. ಗೋಲಿಗೆ ಕಣ್ಣು ಮುಚ್ಚಿ ತೆರೆಯುವಷ್ಟು ಹೊತ್ತು. ಹೀಗಿರಲು ತಡೆಯುವ ಉಪಾಯ ಒಂದೇ. ಚೆಂಡು ನೂಕಿದ ಕೂಡಲೇ ಒಬ್ಬ ಗೆರೆಯಿಂದ ಕಿತ್ತುಕೊಂಡು, ಬೀಸುವವನ ಮೈಮೇಲೆಯೇ ಹೋಗುವ ಹಾಗೆ ಓಡಬೇಕು. ಅವನಿಗೆ 'ಫಸ್ಟ್ ರಷರ್' ಅಂತಾರೆ, ಮೊದಲು ನುಗ್ಗುವವ. ಅವನ ಕೆಲಸ ಚೆಂಡಿಗೆ ಸ್ಟಿಕ್ಕು ಒಡ್ಡುವುದಷ್ಟೇ ಅಲ್ಲ. ಬೀಸುವವನ ಒಂದು ದಿಕ್ಕನ್ನು ತನ್ನ ಮೈಯಿಂದಲೇ ಮುಚ್ಚಿಬಿಡಬೇಕು. ಆಗ ಗೋಲಿ ಇನ್ನೊಂದು ದಿಕ್ಕನ್ನು ನೋಡಿಕೊಂಡರೆ ಸಾಕು. ಗೋಡೆಗೆ ಎರಡು ಕಿಟಕಿ ಇದ್ದಾಗ ಕಳ್ಳ ಯಾವುದರಿಂದ ಬರುತ್ತಾನೋ ಗೊತ್ತಾಗದು. ಒಂದಕ್ಕೆ ಹಲಗೆ ಬಡಿದರೆ ಇನ್ನೊಂದರ ಹತ್ತಿರ ಬಡಿಗೆ ಹಿಡಿದು ನಿಲ್ಲಬಹುದು. ಈ ಓಡುವವನೇ ಆ ಹಲಗೆ!

ಹಲಗೆಗೆ ಮೊಳೆ ಬಡಿಯುತ್ತಾರೆ, ಇವನಿಗೆ ಚೆಂಡು ಬಡಿಯುತ್ತದೆ. ಅದಕ್ಕೇ ಮುಖಕ್ಕೆ ಮುಖವಾಡ, ಮೊಣಕಾಲಿಗೆ ಪ್ಯಾಡು. ನಿಯಮವೂ ವಿಚಿತ್ರ ಐತಿ. ಐದು ಮೀಟರಿನೊಳಗೆ ಓಡಿ ಬಂದವನ ಮೊಣಕಾಲಿನ ಕೆಳಗೆ ಮೊದಲ ಹೊಡೆತ ಬಡಿದರೆ ಎದುರಾಳಿಗೆ ಮತ್ತೊಂದು ಕಾರ್ನರ್. ಸರಿಯಾಗಿ ನಿಂತ ಭಂಗಿಯಲ್ಲಿ ಮೊಣಕಾಲಿಗೋ ಅದರ ಮೇಲಕ್ಕೋ ಬಡಿದರೆ ಹೊಡೆದದ್ದೇ ಅಪಾಯದ ಹೊಡೆತ ಅಂತಾಗಿ ತಡೆದವರಿಗೆ ಫ್ರೀ ಹಿಟ್. ಅಂದರೆ ಪೆಟ್ಟು ಕೆಳಗೆ ಬಿದ್ದರೆ ಪೆಟ್ಟೂ ನಿನ್ನದು, ದಂಡವೂ ನಿನ್ನದು. ಪೆಟ್ಟು ಮೇಲೆ ಬಿದ್ದರೆ ಪೆಟ್ಟು ನಿನ್ನದು, ಲಾಭ ತಂಡದ್ದು. ಯಾವ ಲೆಕ್ಕದಲ್ಲೂ ಪೆಟ್ಟು ತಪ್ಪದು. ಇಂಥ ನೌಕರಿಗೆ ಅರ್ಜಿ ಕರೆದರೆ ಎಷ್ಟು ಜನ ಬಂದಾರು?

ಭಾರತ ತಂಡದಲ್ಲಿ ಟೋಕಿಯೋದಿಂದ ಪ್ಯಾರಿಸ್ ತನಕ ಈ ನೌಕರಿ ಮಾಡಿದವನು ಅಮಿತ್ ರೋಹಿದಾಸ್. ಒಡಿಶಾದ ಸುಂದರಗಢ ಜಿಲ್ಲೆಯ ಸೌನಾಮಾರಾ ಊರಿನವ. ಹಿಂದಿನ ಕ್ಯಾಪ್ಟನ್ ದಿಲೀಪ್ ತಿರ್ಕಿ ಹುಟ್ಟಿದ ಊರೂ ಅದೇ. ಹರ್ಮನ್‌ಪ್ರೀತ್ ಪಂಜಾಬಿನ ಅಮೃತಸರ ಜಿಲ್ಲೆಯ ತಿಮ್ಮೋವಾಲ್ ಊರಿನ ರೈತರ ಮನೆಯ ಹುಡುಗ. ಅವನೇ ಕ್ಯಾಪ್ಟನ್, ಅವನೇ ಡ್ರ್ಯಾಗ್‌ಫ್ಲಿಕ್ ಬೀಸುವವ. ಒಬ್ಬ ಕಾರ್ನರ್ ಹೊಡೆಯುವುದರಲ್ಲಿ ನಿಪುಣ, ಇನ್ನೊಬ್ಬ ಕಾರ್ನರ್ ಕೆಡಿಸುವುದರಲ್ಲಿ.

ಯಜಮಾನರ ಪಕ್ಷ ಸುಮ್ಮನೆ ತಳ್ಳಿಹಾಕುವಂಥದ್ದಲ್ಲ. ಪ್ಯಾರಿಸ್‌ನಲ್ಲಿ ಹರ್ಮನ್‌ಪ್ರೀತ್ 10 ಗೋಲು ಹೊಡೆದ, ಇಡೀ ಕೂಟಕ್ಕೇ ಅವನದು ಮೊದಲ ಹೆಸರು. ನ್ಯೂಜಿಲೆಂಡ್ ಮೇಲೆ ಗೆದ್ದದ್ದೂ, ಅರ್ಜೆಂಟೀನಾ ಜೊತೆ 1-1 ಆದದ್ದೂ ಅವನ 59ನೇ ನಿಮಿಷದ ಗೋಲಿನಿಂದ. ಆಸ್ಟ್ರೇಲಿಯಾವನ್ನು ಒಲಿಂಪಿಕ್ಸಿನಲ್ಲಿ 1972ರ ನಂತರ ಮೊದಲ ಬಾರಿ ಸೋಲಿಸಿದಾಗ 3ರಲ್ಲಿ 2 ಗೋಲು ಅವನವು. ಕಂಚಿನ ಆಟದಲ್ಲಿ ಸ್ಪೇನಿನ ಮೇಲೆ 2-1, ಎರಡೂ ಅವನವೇ. ಯಜಮಾನರು ಇನ್ನೊಂದು ಮಾತು ಹೇಳಿದರು, ಅದಕ್ಕೆ ನಾವು ತಲೆದೂಗಲೇಬೇಕು: "ಹತ್ತು ಮಂದಿ ಇದ್ದಾಗ ಬ್ರಿಟನ್ನಿನ ಮ್ಯಾಲೆ ಗೋಲ್ ಹೊಡದಾಂವ ಯಾರ್ರೀ? ಆ ಗೋಲ್ ಇಲ್ಲಂದ್ರ ಶೂಟೌಟ್ ಎಲ್ಲಿಂದ ಬರತಿತ್ತು?"

ಖರೆ. ಆಳು ಕಡಿಮೆ ಇದ್ದಾಗ ಹೊಡೆದ ಗೋಲಿಗೆ ಎರಡು ಗೋಲಿನ ಬೆಲೆ. ಅದು ತಡೆಯುವವರ ಎದೆಗೆ ಉಸಿರು ಕೊಡುತ್ತದೆ, ಎದುರಾಳಿಗೆ ಗಾಬರಿ ಹುಟ್ಟಿಸುತ್ತದೆ. ಆ ಒಂದು ಆಟವನ್ನಷ್ಟೇ ತಕ್ಕಡಿಗೆ ಹಾಕಿದರೆ ಹರ್ಮನ್‌ಪ್ರೀತ್ ಪಾರಡಿ ಕೆಳಗೆ ಕೂರುತ್ತದೆ. ಇನ್ನೊಂದು ಪಾರಡಿಯಲ್ಲಿ ಏನಿತ್ತು? 17ನೇ ನಿಮಿಷಕ್ಕೆ ಖಾಲಿ.

ಇರಲಿ. ನಮ್ಮ ಪ್ರಶ್ನೆ ಗೋಲು ಹೊಡೆಯುವುದಲ್ಲ, ತಡೆಯುವುದು. ಅಲ್ಲಿ ಲೆಕ್ಕ ಬೇರೆ.

2021ರ ಆಗಸ್ಟ್ 5, ಟೋಕಿಯೋ. ಕಂಚಿನ ಪದಕದ ಆಟ, ಎದುರಿಗೆ ಜರ್ಮನಿ. ಭಾರತ 5, ಜರ್ಮನಿ 4. ಜರ್ಮನಿಗೆ ಅವತ್ತು ಹನ್ನೆರಡಕ್ಕೆ ಮೇಲ್ಪಟ್ಟು ಪೆನಾಲ್ಟಿ ಕಾರ್ನರ್ ಸಿಕ್ಕವು, ಗೋಲಾದದ್ದು ಒಂದು ಮಾತ್ರ. ಕೊನೆಯದು ಸಿಕ್ಕಾಗ ಆಟ ಮುಗಿಯಲು ಏಳು ಸೆಕೆಂಡೂ ಉಳಿದಿರಲಿಲ್ಲ. ಅದೂ ಹೋಗಲಿಲ್ಲ, ಶ್ರೀಜೇಶ್ ತಡೆದ. ದೇಶಕ್ಕೆ 41 ವರ್ಷಗಳ ನಂತರ ಹಾಕಿಯಲ್ಲಿ ಒಲಿಂಪಿಕ್ ಪದಕ. ಮರುದಿನ ಪೇಪರಿನಲ್ಲಿ ಗೋಲು ಹೊಡೆದವರ ಫೋಟೋ ಬಂತು, ಗೋಲ್‌ಪೋಸ್ಟಿನ ಮೇಲೆ ಹತ್ತಿ ಕುಂತ ಶ್ರೀಜೇಶನ ಫೋಟೋ ಬಂತು. ಬರಬೇಕಾದದ್ದೇ. ಆದರೆ ಅಷ್ಟೊಂದು ಸಲ ಗೆರೆಯಿಂದ ಎದ್ದು ಚೆಂಡಿಗೆ ಎದುರಾಗಿ ಓಡಿದವನ ಫೋಟೋ ನಿಮ್ಮಲ್ಲಿ ಯಾರಾದರೂ ಕಂಡಿದ್ದೀರಾ?

ಗಲ್ಲಾಪೆಟ್ಟಿಗೆಗೆ ಬಂದ ದುಡ್ಡಿಗೆ ಲೆಕ್ಕ ಉಂಟು. ಕಳುವಾಗದೆ ಉಳಿದ ದುಡ್ಡಿಗೆ ಯಾವ ವಹಿಯಲ್ಲಿ ಕಲಂ ಉಂಟು? ವರ್ಷದ ಕೊನೆಗೆ ಅಂಗಡಿಯವರು ಬೀಗಕ್ಕೆ ಪೂಜೆ ಮಾಡುತ್ತಾರೋ, ಗಲ್ಲಾಪೆಟ್ಟಿಗೆಗೋ? ದೀಪಾವಳಿಗೆ ನಮ್ಮ ಕ್ರಾಸಿನಲ್ಲಿ ಒಂದು ಸುತ್ತು ಹಾಕಿದರೆ ಉತ್ತರ ಸಿಗುತ್ತದೆ.

ಇನ್ನು ಪ್ಯಾರಿಸ್‌ನ ಆ ಐದು ದಿನ. ವಿಧಿಯೇ ಕೂತು ಪರೀಕ್ಷೆ ಮಾಡಿದ ಹಾಗೆ ಮೂರು ಆಟ ನಡೆದವು. ಆಗಸ್ಟ್ 4ರಂದು ರೋಹಿದಾಸ್ ಅರ್ಧದಲ್ಲಿ ಹೊರಗೆ. ಆಗಸ್ಟ್ 6ರ ಸೆಮಿಫೈನಲ್, ಅವನಿಗೆ ಒಂದು ಆಟದ ನಿಷೇಧ, ಪೂರ್ತಿ ಹೊರಗೆ. ಹಾಕಿ ಇಂಡಿಯಾದವರು ಮೇಲ್ಮನವಿ ಹಾಕಿದರು, ಅದು ವಜಾ ಆಯಿತು. ಆಗಸ್ಟ್ 8ರ ಕಂಚಿನ ಆಟಕ್ಕೆ ಅವನು ಮರಳಿ ಬಂದ.

ಸೆಮಿಫೈನಲ್‌ನಲ್ಲಿ ಏನಾಯಿತು? ಜರ್ಮನಿ ಪರವಾಗಿ ಕಾರ್ನರ್ ಬೀಸುವವ ಗೊನ್ಸಾಲೋ ಪೆಯಾತ್. ಈತ ಸಾಮಾನ್ಯ ಆಸಾಮಿ ಅಲ್ಲ. 2016ರ ರಿಯೋ ಒಲಿಂಪಿಕ್ಸಿನಲ್ಲಿ ಅರ್ಜೆಂಟೀನಾ ಪರ 11 ಗೋಲು ಹೊಡೆದು ಬಂಗಾರ ಗೆದ್ದವ. ಆಮೇಲೆ ಜರ್ಮನಿಗೆ ಆಡಲು ಹೋಗಿ 2023ರಲ್ಲಿ ವಿಶ್ವಕಪ್ಪೂ ಗೆದ್ದ. ಅವನಿಗೆ ಎದುರಾಗಿ ಓಡಬೇಕಾದ ನಮ್ಮ ಮೊದಲ ಆಳು ಅವತ್ತು ಹೊರಗೆ ಕುಂತಿದ್ದ. 18ನೇ ನಿಮಿಷದಲ್ಲಿ ಪೆಯಾತ್ ಕಾರ್ನರಿನಲ್ಲಿ ಗೋಲು ಹೊಡೆದ. ಜರ್ಮನಿ 3, ಭಾರತ 2. ಒಂದೇ ಗೋಲಿನ ಅಂತರ.

ಪಾಸಿನವರು ಇಲ್ಲಿ ಟೇಬಲ್ ಕುಟ್ಟಿದರು. "ನೋಡ್ರೀ! ಆ ಒಂದು ಗೋಲು ರೋಹಿದಾಸ್ ತಡೀತಿದ್ದ!"

ತಡೆಯುತ್ತಿದ್ದನೋ ಇಲ್ಲವೋ, ಆಣೆ ಮಾಡಿ ಹೇಳುವವರು ಯಾರು? ನಾವು ನ್ಯಾಯ ಬಿಟ್ಟು ಮಾತಾಡಬಾರದು. ಬ್ರಿಟನ್ನಿನ ಮೇಲೆ ಅವನಿಲ್ಲದ 43 ನಿಮಿಷದಲ್ಲಿ ಕಾರ್ನರಿನಿಂದ ಒಂದೂ ಗೋಲು ಹೋಗಲಿಲ್ಲ, ಮಾರ್ಟನ್ ಹೊಡೆದದ್ದು ಆಟದ ನಡುವಿನ ಗೋಲು. ಬೇರೆಯವರು ಓಡಿದರು, ಶ್ರೀಜೇಶ್ ಗೋಡೆಯಾಗಿ ನಿಂತ, ಕೆಲಸ ನಡೆಯಿತು. ಹಾಗಾದರೆ ರೋಹಿದಾಸ್ ಇಲ್ಲದೆಯೂ ನಡೆಯುತ್ತದಲ್ಲ ಅಂತ ಯಜಮಾನರು ಕೇಳಿದರೆ? ಕೇಳಿದರು ಕೂಡ.

ಅದಕ್ಕೆ ನಮ್ಮ ಉತ್ತರ ಇದು. ಸಂತೆಯ ದಿನ ಆಳಿಲ್ಲದೆ ಒಂದು ದಿವಸ ಅಂಗಡಿ ನಡೆಸಬಹುದು. ಯಜಮಾನರೇ ಮೂಟೆ ಹೊರುತ್ತಾರೆ, ಮನೆಯವರು ಬಂದು ಗಲ್ಲಾದ ಮೇಲೆ ಕೂರುತ್ತಾರೆ, ಹುರುಪಿನ ಮೇಲೆ ದಿನ ಕಳೆಯುತ್ತದೆ. ಎರಡನೆಯ ದಿನ ಸೊಂಟ ಹಿಡಿಯುತ್ತದೆ. ಹತ್ತು ಜನ ಮುಕ್ಕಾಲು ಗಂಟೆ ಆಡಿದ ದಣಿವು ಎರಡೇ ದಿನಕ್ಕೆ ಹೋಗುವಂಥದ್ದಲ್ಲ. ಸೆಮಿಫೈನಲ್‌ನಲ್ಲಿ ನಮ್ಮವರು ಹನ್ನೊಂದು ಜನ ಇದ್ದರೂ 16 ಜನರ ತಂಡದಲ್ಲಿ ಒಬ್ಬ ಕಡಿಮೆ, ಬದಲಿ ಇಳಿಸಲು ಒಬ್ಬ ಕಡಿಮೆ. ಒಂದು ಗೋಲಿನಿಂದ ಏನೂ ಸಿದ್ಧವಾಗುವುದಿಲ್ಲ ಎಂಬುದು ನಿಜ. ಆದರೆ ಟೋಕಿಯೋದ ಜರ್ಮನಿ ಆಟ ಒಂದು ಕಡೆ ಇಟ್ಟು, ಪ್ಯಾರಿಸ್‌ನ ಜರ್ಮನಿ ಆಟ ಇನ್ನೊಂದು ಕಡೆ ಇಟ್ಟು ನೋಡಿದರೆ, ಗೆರೆಯಿಂದ ಏಳುವ ಆ ಮೊದಲ ಕಾಲಿನ ಬೆಲೆ ಏನೆಂದು ಅಂದಾಜು ಸಿಗುತ್ತದೆ.

ಇನ್ನೊಂದು ಸೂಕ್ಷ್ಮ ಐತಿ, ಅದನ್ನು ಚಹಾದ ಅಂಗಡಿಯಲ್ಲಿ ಯಾರೂ ಹೇಳಲಿಲ್ಲ. ಕಾರ್ಡು ತಿಂದು ಒಬ್ಬ ಹೊರಗೆ ಹೋದರೂ ಕಾರ್ನರ್ ತಡೆಯಲು ಗೆರೆಯ ಹಿಂದೆ ನಿಲ್ಲುವವರು ಐವರೇ ಇರುತ್ತಾರೆ. ಕಡಿಮೆಯಾಗುವುದು ಅರ್ಧ ಮೈದಾನದಾಚೆ ನಿಲ್ಲುವವರ ಸಂಖ್ಯೆ. ಅಂದರೆ ಕಾರ್ನರಿನ ಹೊತ್ತಿನಲ್ಲಿ ಎಷ್ಟು ಜನ ಎಂಬುದು ದೊಡ್ಡದಲ್ಲ, ಯಾರು ಎಂಬುದು ದೊಡ್ಡದು. ಮುಂದಾಳು ಆಟಗಾರನೊಬ್ಬ ಹಸಿರು ಕಾರ್ಡು ತಿಂದು 2 ನಿಮಿಷ ಹೊರಗಿದ್ದರೆ ಕಾರ್ನರಿಗೆ ಏನೂ ಆಗದು. ಮೊದಲು ನುಗ್ಗುವವನೇ ಹೊರಗಿದ್ದರೆ ಐವರಿದ್ದೂ ನಾಲ್ವರ ಹಾಗೆ.

ಇದೇ ಮಾತು ರೋಹಿದಾಸನ ಕುತ್ತಿಗೆಗೂ ಬರುತ್ತದೆ! ಯಾರು ಹೋದರೆ ತಂಡಕ್ಕೆ ಹೆಚ್ಚು ನಷ್ಟವೋ ಅವನೇ ಹೆಚ್ಚು ಹುಷಾರಾಗಿರಬೇಕು. ಆ ಸ್ಟಿಕ್ಕು ಬೇಕಂತ ಎತ್ತಿದ್ದಲ್ಲ ಎಂಬುದೇ ನಮ್ಮ ಅಭಿಪ್ರಾಯ. ಕೆಂಪು ಕಾರ್ಡು ಜಾಸ್ತಿಯಾಯಿತು ಎಂಬುದೂ ನಮ್ಮ ಅಭಿಪ್ರಾಯ. ಆದರೂ ಬೀಗದ ಕೈ ಇರುವವನೇ ಕೈ ಕಳೆದುಕೊಂಡು ಬಂದರೆ, ಬೇಕಂತ ಕಳೆದದ್ದಲ್ಲ ಎನ್ನುವ ಸಮಾಧಾನದಿಂದ ಬಾಗಿಲು ತೆರೆಯುವುದಿಲ್ಲ.

ಹೀಗೆ ಎರಡೂ ಕಡೆ ತೂಗಿದ ಮೇಲೆ ನಮ್ಮ ತೀರ್ಮಾನ ಹೇಳಿಬಿಡುತ್ತೇವೆ, ಒಪ್ಪುವವರು ಒಪ್ಪಲಿ. ಇಡೀ ತಂಡಕ್ಕೆ ಯಾರು ದೊಡ್ಡವ ಅಂದರೆ ಹರ್ಮನ್‌ಪ್ರೀತ್. ಆ ಮಾತಿಗೆ ಜಗಳವಿಲ್ಲ. 2025ರ ಜನವರಿಯಲ್ಲಿ ಅವನಿಗೆ ಖೇಲ್ ರತ್ನ ಕೊಟ್ಟದ್ದು ನ್ಯಾಯವೇ. ಆದರೆ ದಂಡದ ಹೊತ್ತಿನಲ್ಲಿ ತಡೆಯುವ ಕೆಲಸಕ್ಕೆ ಒಬ್ಬನನ್ನು ಆರಿಸು ಎಂದರೆ ನಾವು ರೋಹಿದಾಸನ ಕೈ ಹಿಡಿಯುತ್ತೇವೆ. ಅವನೂ ಗೋಲು ಹೊಡೆಯದವನೇನಲ್ಲ. 2023ರಲ್ಲಿ ಹಾಂಗ್‌ಜೌ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ಜಪಾನ್ ಮೇಲೆ ಒಂದು, 2025ರಲ್ಲಿ ರಾಜಗೀರ್‌ನ ಏಷ್ಯಾ ಕಪ್ ಫೈನಲ್‌ನಲ್ಲಿ ಕೊರಿಯಾ ಮೇಲೆ ಒಂದು ಹೊಡೆದ. ಆದರೆ ಅದು ಅವನ ಮೇಲ್ಗಳಿಕೆ. ಅಸಲು ಸಂಬಳ ಓಡಿ ಬಂದು ಪೆಟ್ಟು ತಿನ್ನುವುದಕ್ಕೆ.

ನಮ್ಮ ಕರ್ನಾಟಕದ ಹಾಕಿಯನ್ನೇ ತೆಗೆದುಕೊಳ್ಳಿ. ಹೆಸರು ಹೇಳು ಅಂದರೆ ಏನು ಹೇಳುತ್ತೇವೆ? 1980ರ ಮಾಸ್ಕೋ ಬಂಗಾರದ ತಂಡದ ಎಂ. ಎಂ. ಸೋಮಯ್ಯ. ಮುಂದಾಳಾಗಿ ಆಡಿದ ಬಿ. ಪಿ. ಗೋವಿಂದ, ಅವರ ಎಷ್ಟೋ ವರ್ಷದ ನಂತರ ಎಸ್. ವಿ. ಸುನಿಲ್. ಡ್ರ್ಯಾಗ್‌ಫ್ಲಿಕ್ ಬೀಸಿದ ಲೆನ್ ಅಯ್ಯಪ್ಪ, ವಿ. ಆರ್. ರಘುನಾಥ್. ಗೋಲಿಗಳಲ್ಲಿ ಎ. ಬಿ. ಸುಬ್ಬಯ್ಯ, ಆಶಿಶ್ ಬಲ್ಲಾಳ್. 1998ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ಕೊರಿಯಾ ವಿರುದ್ಧ ಟೈಬ್ರೇಕರಿನಲ್ಲಿ ಬಲ್ಲಾಳ್ ತಡೆದದ್ದರಿಂದ 32 ವರ್ಷಗಳ ನಂತರ ಆ ಬಂಗಾರ ಬಂತು. ಸರಿ. ಹೊಡೆದವರು ಬಂದರು, ಗೋಲಿಗಳು ಬಂದರು. ಇಷ್ಟು ವರ್ಷ ನಮ್ಮ ರಾಜ್ಯದ ತಂಡಗಳಲ್ಲಿ ಕಾರ್ನರಿಗೆ ಮೊದಲು ಓಡಿ ಮೊಣಕಾಲು ಒಡ್ಡಿದವರು ಯಾರು? ಯಾರೋ ಓಡಿರಲೇಬೇಕಲ್ಲ! ಚಹಾದ ಅಂಗಡಿಯಲ್ಲಿ ಕೇಳಿದೆವು, ಒಬ್ಬರೂ ಹೆಸರು ಹೇಳಲಿಲ್ಲ. ನಮಗೂ ಹೊಳೆಯಲಿಲ್ಲ.

ಈ ವಿಷಯದಲ್ಲಿ ಹಾಕಿಯವರಿಗಿಂತ ಕಬಡ್ಡಿಯವರು ಶಾಣ್ಯಾರು. 2014ರಲ್ಲಿ ಪ್ರೊ ಕಬಡ್ಡಿ ಶುರುವಾದ ಮೇಲೆ 'ಸೂಪರ್ ಟ್ಯಾಕಲ್' ಅನ್ನುವ ಮಾತು ನಮ್ಮ ಹಳ್ಳಿ ಹುಡುಗರ ಬಾಯಿಗೂ ಬಂದಿದೆ. ಅಂಕಣದಲ್ಲಿ ಮೂವರೋ ಅದಕ್ಕಿಂತ ಕಡಿಮೆಯೋ ಉಳಿದಾಗ ರೇಡರನನ್ನು ಹಿಡಿದರೆ ಒಂದರ ಜಾಗದಲ್ಲಿ ಎರಡು ಪಾಯಿಂಟ್. ಆಳು ಕಡಿಮೆ ಇದ್ದಾಗ ತಡೆದದ್ದಕ್ಕೆ ಬೆಲೆ ಜಾಸ್ತಿ ಎಂದು ನಿಯಮದಲ್ಲೇ ಬರೆದಿಟ್ಟರು. ಹಾಕಿಯಲ್ಲಿ ಇಂಥ ಲೆಕ್ಕ ಇದ್ದಿದ್ದರೆ ಟೋಕಿಯೋದ ಆ ಒಂದು ಆಟದಲ್ಲೇ ರೋಹಿದಾಸನ ಖಾತೆ ತುಂಬಿಹೋಗುತ್ತಿತ್ತು.

ನಿಯಮ ಬರೆದರೂ ಮಂದಿಯ ಕಣ್ಣು ಮಾತ್ರ ಬದಲಾಗಿಲ್ಲ. 2019ರ ಜನವರಿ 5ರಂದು ಬೆಂಗಳೂರು ಬುಲ್ಸ್ ಗುಜರಾತಿನ ಮೇಲೆ 38-33ರಿಂದ ಪ್ರೊ ಕಬಡ್ಡಿ ಫೈನಲ್ ಗೆದ್ದಿತು. ಪವನ್ ಸೆಹ್ರಾವತ್ 22 ಪಾಯಿಂಟ್ ತಂದ ಎಂದು ಕ್ರಾಸಿನ ಪಂಕ್ಚರ್ ಅಂಗಡಿಯ ಹುಡುಗನೂ ಹೇಳುತ್ತಾನೆ. ಅವತ್ತು ಹಿಂದೆ ನಿಂತು ಹಿಡಿದವರು ಯಾರು ಅಂತ ಕೇಳಿದೆವು. "ಮಹೇಂದರ್ ಇದ್ದಾ..." ಅಂದವ ಟ್ಯೂಬಿಗೆ ಗಾಳಿ ಹೊಡೆಯಲು ತಿರುಗಿದ. ಒಂದಾದರೂ ಹೆಸರು ಹೇಳಿದನಲ್ಲ ಎಂಬುದೇ ಸಮಾಧಾನ.

ಈಗ ನಮ್ಮ ಊರಿನ ಮಾತಿಗೆ ಬರುತ್ತೇವೆ. ಜಾತ್ರೆ ಬಂತೆಂದರೆ ನಮ್ಮ ಸುತ್ತಿನ ಊರೂರಿಗೆ ಕಬಡ್ಡಿ ಪಂದ್ಯ. ಹಗಲು ಬಿಸಿಲು, ರಾತ್ರಿ ಟ್ಯೂಬ್‌ಲೈಟು, ಮೈಕಿನವನ ಕೂಗು. ಬಹುಮಾನದ ದುಡ್ಡು ಎಲ್ಲಿಂದ ಬರುತ್ತದೆ? ಅಂಗಡಿಕಾರರ ಗಲ್ಲಾಪೆಟ್ಟಿಗೆಯಿಂದಲೇ. ಕರಪತ್ರ ತೆಗೆದು ನೋಡಿ. ಮೊದಲ ಬಹುಮಾನ, ಎರಡನೆಯದು, ಮೂರನೆಯದು ಆದ ಮೇಲೆ ಕೆಳಗೆ 'ಉತ್ತಮ ರೇಡರ್', 'ಉತ್ತಮ ಕ್ಯಾಚರ್'. ನಾವು ನೋಡಿದ ಒಂದು ಪಂದ್ಯದಲ್ಲಿ, ಊರು ಯಾವುದೆಂದು ಬರೆಯುವುದಿಲ್ಲ, ರೇಡರನಿಗೆ ಆಳೆತ್ತರದ ಶೀಲ್ಡು, ಮೇಲೆ ನಗದು. ಕ್ಯಾಚರನಿಗೆ ಒಂದು ಗೋಡೆ ಗಡಿಯಾರ. ಆ ಕ್ಯಾಚರ್ ಹುಡುಗ ಫೈನಲ್‌ನಲ್ಲಿ ಎರಡು ಸಲ ಮೂವರೇ ಇದ್ದಾಗ ರೇಡರನ ಕಾಲು ಹಿಡಿದು ತಂಡ ಉಳಿಸಿದ್ದ. ಗದ್ದ ಒಡೆದು ಅಂಗಿಯ ಮೇಲೆ ರಕ್ತ. ಗಡಿಯಾರ ಹಿಡಿದು ವೇದಿಕೆಯಿಂದ ಇಳಿದವ ಗೆಳೆಯರಿಗೆ ಅಂದದ್ದು ನಮ್ಮ ಕಿವಿಗೆ ಬಿತ್ತು: "ಮುಂದಿನ ವರ್ಷ ನಾ ರೇಡಿಗೇ ಹೋಗ್ತೀನಪಾ, ಹಿಡಿಯೂದು ಬ್ಯಾಡ."

ಒಂದು ಗೋಡೆ ಗಡಿಯಾರದಿಂದ ನಮ್ಮ ತಾಲೂಕು ಒಬ್ಬ ಹಿಡಿಯುವವನನ್ನು ಕಳೆದುಕೊಂಡಿತು. ಹಾಕಿ ಆಡುವ ಗದಗ, ಹುಬ್ಬಳ್ಳಿಯ ಶಾಲಾ ಹುಡುಗರದೂ ಬೇರೆ ಕತೆ ಇರಲಾರದು. ಅಲ್ಲಿ ಅದರ ಮೇಲೆ ಇನ್ನೊಂದು ಚಿಂತೆ. ಒಲಿಂಪಿಕ್ಸಿನವನಿಗೆ ಮುಖವಾಡ, ಮೊಣಕಾಲಿನ ಪ್ಯಾಡು ಉಂಟು. ಗರಸು ನೆಲದ ಮೇಲೆ ಕಾರ್ನರಿಗೆ ಎದುರು ಓಡುವ ಹೈಸ್ಕೂಲ್ ಹುಡುಗನಿಗೆ ಏನುಂಟು? ಕಪ್ಪು ಕೊಡುವ ದಾನಿಗಳು ಒಂದು ವರ್ಷ ಕಪ್ಪಿನ ಎತ್ತರ ಒಂದು ಗೇಣು ಕಡಿಮೆ ಮಾಡಿ, ಆ ದುಡ್ಡಿಗೆ ನಾಲ್ಕು ಮುಖವಾಡ, ನಾಲ್ಕು ಜೊತೆ ಪ್ಯಾಡು ಕೊಡಿಸಿದರೆ ಹುಡುಗರ ಹಲ್ಲು ಉಳಿದಾವು.

ಕಬಡ್ಡಿಗೆ ನಾವು ಕೇಳುವುದು ಇನ್ನೂ ಸಣ್ಣದು. ಕರಪತ್ರ ಅಚ್ಚು ಹಾಕಿಸುವ ಮೊದಲು ಕಮಿಟಿಯವರು ಎರಡು ಸಾಲು ತಿದ್ದಲಿ. ರೇಡರನಿಗೆ ಎಷ್ಟೋ ಕ್ಯಾಚರನಿಗೂ ಅಷ್ಟೇ. ಮೂವರೇ ಇದ್ದಾಗ ಹಿಡಿದ ಪ್ರತಿ ಹಿಡಿತಕ್ಕೆ ಮೈಕಿನಲ್ಲಿ ಹೆಸರು ಕೂಗಿ ಐವತ್ತೋ ನೂರೋ ಅಲ್ಲೇ ಕೈಗೆ ಕೊಡಲಿ.

ನಿನ್ನೆ ಸಂಜೆ ಆ ಕಿರಾಣಿ ಯಜಮಾನರಿಗೆ ಇದನ್ನೇ ಹೇಳಿದೆವು. ಅವರು ಇನ್ನೂ ಹರ್ಮನ್‌ಪ್ರೀತ್ ಪಕ್ಷವೇ, ಬದಲಾಗುವ ಮನುಷ್ಯರಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಬೆಲ್ಲದ ಪೆಂಟಿಯ ಮೇಲಿನ ನೊಣ ಓಡಿಸಿದರು. ಆಮೇಲೆ, "ಬರೂ ಜಾತ್ರಿಗೆ ಕ್ಯಾಚರನ ಶೀಲ್ಡ್ ನಮ್ಮ ಅಂಗಡಿದು ಅಂತ ಬರಕೋರಿ. ರೇಡರಂದ ಎಷ್ಟ ಎತ್ತರ ಐತಿ, ಕೇಳಿ ಹೇಳ್ರಿ. ಹೆಸರ ಮಾತ್ರ ಪೇಪರಿನಾಗ ಹಾಕಬ್ಯಾಡ್ರಿ, ನಾಳೆ ಎಲ್ಲಾ ಊರಿನವರೂ ಪಾವತಿ ಪುಸ್ತಕ ಹಿಡಕೊಂಡು ಬರ್ತಾರ" ಅಂದರು. ಹೆಸರು ಹಾಕಿಲ್ಲ. ಎತ್ತರ ಕೇಳಲು ಇವತ್ತು ಕಮಿಟಿಯವರ ಹತ್ತಿರ ಹೊರಟಿದ್ದೇವೆ.